ರಿಲೀವರ್ ಬರುವ ತನಕ

ನನ್ನ ಸೊಸೆಯ ವಿಷಯದಲ್ಲಿ ಜನ ಎರಡು ಮಾತು ಆಡುತ್ತಾರೆ. ಅವಳದು ಕಲ್ಲೆದೆ ಎಂದು ನಮ್ಮ ನೆಂಟರು. ಅವಳು ದೇವತೆ ಎಂದು ಆಸ್ಪತ್ರೆಯವರು. ಎರಡೂ ಸುಳ್ಳು. ಅವಳ ಜೊತೆ ಒಂದೇ ಸೂರಿನಡಿ ಬದುಕುತ್ತಿರುವವಳು ನಾನು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ದೇವರೂ ಕೇಳಿಸಿಕೊಳ್ಳಲಿ. ಅವನಿಗೂ ಸ್ವಲ್ಪ ಗೊತ್ತಾಗಬೇಕು.

ಸೊಸೆ ದೊಡ್ಡ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ನರ್ಸು. ನನ್ನ ಮಗ ಲಾರಿ ಓಡಿಸುತ್ತಾನೆ. ಮನೆಯಲ್ಲಿರುವುದಕ್ಕಿಂತ ರಸ್ತೆಯ ಮೇಲೆ ಇರುವುದೇ ಹೆಚ್ಚು. ಮನೆಯಲ್ಲಿ ಉಳಿದವರು ಸೊಸೆ, ನಾನು, ಶಾಲೆಗೆ ಹೋಗುವ ಮೊಮ್ಮಗಳು ಪುಟ್ಟಿ, ಮತ್ತೆ ಹಾಸಿಗೆ ಹಿಡಿದ ನನ್ನ ಗಂಡ.

ನನ್ನ ಗಂಡ ಬಸ್ ಕಂಡಕ್ಟರಾಗಿದ್ದವರು. ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಮಾತೂ ಹೋಯಿತು. ಒಂದೇ ಒಂದು ಮಾತು ಉಳಿಯಿತು. "ರೈಟ್." ಜೀವಮಾನವಿಡೀ ಕೂಗಿದ ಮಾತು. ಗಂಜಿ ಬೇಕೆಂದರೂ ರೈಟ್, ಬೇಡವೆಂದರೂ ರೈಟ್, ಸಿಟ್ಟು ಬಂದರೂ ರೈಟ್. ಸೊಸೆ ಅವರನ್ನು ಮಗ್ಗುಲು ತಿರುಗಿಸಿ, ಬೆನ್ನು ಒರೆಸಿ, ಕಾಲಿನ ಕೆಳಗೆ ದಿಂಬು ಕೊಟ್ಟು, "ಏನು ಮಾವ, ಬಸ್ ಬಿಡಬಹುದಾ?" ಎನ್ನುವಳು. ಅವರು "ರೈಟ್" ಎನ್ನುವರು. ಅವರ ಅರ್ಧ ಮುಖ ನಗುವುದು. ಉಳಿದ ಅರ್ಧವನ್ನು ನಾವು ಊಹಿಸಿಕೊಳ್ಳುತ್ತಿದ್ದೆವು.

ಅವಳಿಗೆ ಮನೆಯೂ ಒಂದು ವಾರ್ಡೇ ಆಗಿತ್ತು. ಅಲ್ಲಿ ಉಚ್ಚೆಯ ಪಾತ್ರೆ ತೊಳೆದಿಟ್ಟು ಬಂದು ಇಲ್ಲಿಯದನ್ನು ಎತ್ತುವಳು. ಅಲ್ಲಿ ಊದಿದ ಕಾಲು ಇಲ್ಲಿ ಇಳಿಯುತ್ತಿರಲಿಲ್ಲ. ಮೊಣಕಾಲಿನ ಹಿಂದೆ ಹಸಿರು ನರಗಳು ಹಗ್ಗದ ಹಾಗೆ ಗಂಟುಗಂಟಾಗಿ ಎದ್ದಿದ್ದವು. ಡ್ಯೂಟಿಯಲ್ಲಿ ಮೂತ್ರಕ್ಕೆ ಹೋಗಲು ಬಿಡುವಿಲ್ಲ ಎಂದು ನೀರೇ ಕುಡಿಯುತ್ತಿರಲಿಲ್ಲ. ಮುಟ್ಟಿನ ದಿನಗಳಲ್ಲಿ ಬಿಳಿ ಬಟ್ಟೆಗೆ ಕಲೆಯಾಗಿದೆಯೇನೋ ಎಂದು ಗೋಡೆಗೆ ಬೆನ್ನು ಕೊಟ್ಟು ನಡೆಯುವಳಂತೆ. ಮನೆಯಲ್ಲಿ ಅನ್ನವನ್ನು ನಿಂತೇ ತಿನ್ನುವಳು. "ಕೂತ್ಕೊಳ್ಳೇ ತಾಯಿ" ಎಂದರೆ, "ಕೂತ್ರೆ ಎದ್ದೇಳೋಕಾಗಲ್ಲ ಅತ್ತೆ" ಎನ್ನುವಳು.

ನಮ್ಮ ಬೀದಿಯ ಹೆಂಗಸರು ಅವಳಿಗೆ ನೀರು ಕೊಡಬೇಕಾದರೆ ಒಡಕು ಲೋಟ ಹುಡುಕುತ್ತಿದ್ದರು. "ಊರೋರ ಹೇಲು ಬಾಚೋ ಕೈ" ಎಂದು ನನ್ನ ಕಿವಿಗೆ ಬೀಳುವ ಹಾಗೆಯೇ ಆಡುತ್ತಿದ್ದರು. ಮಗುವಿಗೆ ಜ್ವರ ಏರಿದಾಗ ಮಾತ್ರ ಅದೇ ಕೈ ಬೇಕು. ಆಗ ನಮ್ಮ ಬಾಗಿಲು ಬಡಿಯುವರು. ಅವಳು ಎದ್ದು ಹೋಗುವಳು. ವಾಪಸು ಬರುವಾಗ ಒಬ್ಬಳೇ ಬರುವಳು.

ರಾತ್ರಿಪಾಳಿ ಮುಗಿಸಿ ಹಗಲು ಮಲಗುವಾಗ ಕಿಟಕಿಗೆ ಕಂಬಳಿ ಕಟ್ಟುತ್ತಿದ್ದಳು. ಪುಟ್ಟಿ ಹೊರಗಿನ ಕೋಣೆಯಲ್ಲಿ ಆಡಬೇಕು. ಗೊಂಬೆಗೆ "ಶ್, ಅಮ್ಮ ಮಲಗಿದಾಳೆ" ಎನ್ನುವುದು ಆ ಮಗು ಮೊದಲು ಕಲಿತ ಆಟ. ನಮ್ಮ ಪುಟ್ಟಿ ಸದ್ದು ಮಾಡದೆ ನಗುತ್ತಾಳೆ. ಬಾಯಿ ತೆರೆಯುತ್ತದೆ, ಹೆಗಲು ಕುಲುಕುತ್ತದೆ, ಸದ್ದಿಲ್ಲ. ಮಕ್ಕಳು ಹಾಗೆ ನಗುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ನೋಡಲೂ ಬಾರದು.

ವಾರ್ಡಿನಲ್ಲಿ ಒಂದು ಕ್ರಮವಿದೆ. ಪಾಳಿ ಮುಗಿಸಿದವಳು, ಮುಂದಿನ ಪಾಳಿಗೆ ಬಂದವಳ ಎದುರು ನಿಂತು, ಒಬ್ಬೊಬ್ಬ ರೋಗಿಯ ಸಂಗತಿಯನ್ನೂ ಬಾಯಿಬಿಟ್ಟು ಒಪ್ಪಿಸಬೇಕು. ಬಂದವಳು "ತಗೊಂಡೆ" ಎನ್ನಬೇಕು. ಆಗ ಇವಳಿಗೆ ಬಿಡುಗಡೆ. ಹಾಗೆ ಬಂದು ಬಿಡಿಸುವವಳಿಗೆ ರಿಲೀವರ್ ಎನ್ನುತ್ತಾರೆ. ರಿಲೀವರ್ ಬಾರದಿದ್ದರೆ ಇದ್ದವಳು ಕಾಲು ಕೀಳುವಂತಿಲ್ಲ. ಎಷ್ಟು ಹೊತ್ತಾದರೂ ಅಷ್ಟೇ. ಮನೆಗೆ ಬೆಂಕಿ ಬಿದ್ದರೂ ಅಷ್ಟೇ.

ಸೊಸೆ ಆ ಕ್ರಮವನ್ನು ನಮ್ಮ ಮನೆಗೂ ತಂದಿದ್ದಳು. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಲೇ "ಹೇಳಿ ಅತ್ತೆ" ಎನ್ನುವಳು. ನಾನು ಒಪ್ಪಿಸುವೆನು. ಇಷ್ಟು ಗಂಜಿ ಹೋಯಿತು. ಎಡಮಗ್ಗುಲಿಗೆ ಮಲಗಿಸಿದ್ದೇನೆ. ಸೊಂಟದ ಹತ್ತಿರ ಚರ್ಮ ಕೆಂಪಾಗಿದೆ. ಪುಟ್ಟಿ ಲೆಕ್ಕದಲ್ಲಿ ತಪ್ಪು ಮಾಡಿ ಅತ್ತಳು. "ಸರಿ, ನಾನು ತಗೊಂಡೆ. ನೀವು ಹೋಗಿ ಸೊಂಟ ಚಾಚಿ" ಎನ್ನುವಳು. ಅವಳು ಹೊರಡುವಾಗ ಅವಳು ಒಪ್ಪಿಸುವಳು, ನಾನು ತೆಗೆದುಕೊಳ್ಳುವೆನು. ಒಂದೇ ಮನೆಯ ಇಬ್ಬರು ಹೆಂಗಸರು ಹೊಸ್ತಿಲಲ್ಲಿ ಮಾತ್ರ ಭೇಟಿಯಾಗುತ್ತಿದ್ದೆವು. ಅತ್ತೆ ಸೊಸೆ ಜಗಳವಾಡಲಿಕ್ಕೂ ಒಂದು ಪುರುಸೊತ್ತು ಬೇಕಲ್ಲ, ಅದೂ ನಮಗಿರಲಿಲ್ಲ.

ನನ್ನ ಗಂಡ ತೀರಿಕೊಂಡ ದಿನ ಅವಳಿಗೆ ಬೆಳಗಿನ ಪಾಳಿ.

ಅವಳು ಹೋದ ಸ್ವಲ್ಪ ಹೊತ್ತಿಗೆ ಅವರ ಉಸಿರು ಬದಲಾಯಿತು. ಗಂಟಲಲ್ಲಿ ನೀರು ಕುದಿಯುವ ಸದ್ದು. ಇನ್ನು ಮಾಡುವುದೇನೂ ಇಲ್ಲ, ಮನೆಯಲ್ಲೇ ನೆಮ್ಮದಿಯಾಗಿ ಇರಲಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೋಗುವ ಕಾಲ ಬಂತೆಂದು ನನಗೆ ತಿಳಿಯಿತು. ಹೋಗುವವರನ್ನು ತಡೆಯುವ ಆಸೆ ನನಗಿರಲಿಲ್ಲ. ಅವಳು ಹತ್ತಿರ ಇರಬೇಕೆಂಬ ಆಸೆ ಇತ್ತು. ಅವರಿಗೂ ಇತ್ತು. ಅವರ ಕಣ್ಣು ಬಾಗಿಲಲ್ಲೇ ಇತ್ತು.

ಡ್ಯೂಟಿಯಲ್ಲಿರುವ ನರ್ಸುಗಳು ಫೋನು ಇಟ್ಟುಕೊಳ್ಳುವಂತಿಲ್ಲ. ಅವರ ಮೇಲ್ವಿಚಾರಕಿಗೆ ಮಾಡಬೇಕು. ಆಕೆಗೆ ನರ್ಸುಗಳು ಗಡಿಯಾರದಮ್ಮ ಎಂದು ಹೆಸರಿಟ್ಟಿದ್ದರು. ಎದೆಗೆ ಸಣ್ಣ ಗಡಿಯಾರ ಚುಚ್ಚಿಕೊಂಡು, ಎದುರಿನವರ ಮುಖ ಬಿಟ್ಟು ಅದನ್ನೇ ನೋಡುತ್ತಾ ಮಾತಾಡುವಳಂತೆ.

"ಅಮ್ಮಾ, ಅವಳ ಮಾವನಿಗೆ ಉಸಿರು ಹೆಚ್ಚುಕಮ್ಮಿ ಆಗ್ತಿದೆ. ಸ್ವಲ್ಪ ಕಳಿಸ್ಕೊಡಿ" ಎಂದೆ.

"ರಿಲೀವರ್ ಬರ್ಲಿ, ಕಳಿಸ್ತೀನಿ."

"ಮಧ್ಯಾಹ್ನದ ತನಕ ತಡೀತಾರೋ ಇಲ್ವೋ ಅಮ್ಮಾ."

"ನೋಡಿ ಅಜ್ಜಿ, ಇಲ್ಲೂ ಜೀವಗಳೇ ಇರೋದು. ನಿಮ್ಮನೇಲಿರೋದು ಒಂದು."

ಮಧ್ಯಾಹ್ನ ಮತ್ತೆ ಮಾಡಿದೆ. ರಿಲೀವರ್ ಬಂದಿರಲಿಲ್ಲ. ಕೆಲಸ ಬಿಟ್ಟುಹೋದವರ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿರಲಿಲ್ಲ. ಇದ್ದ ಒಬ್ಬಳನ್ನು ದುಡ್ಡಿರುವವರ ಸ್ಪೆಷಲ್ ವಾರ್ಡಿಗೆ ಕಳಿಸಿದ್ದರು. ಸೊಸೆಗೆ ಎರಡನೆಯ ಪಾಳಿಯೂ ಬಿತ್ತು. ಮತ್ತೆ ಫೋನು ಮಾಡಿದಾಗ ಅತ್ತಲಿಂದ ಯಾರೂ ಎತ್ತಲಿಲ್ಲ.

ನಾನು ಅವರ ಎಡಗೈ ಹಿಡಿದು ಕೂತೆ. ಸ್ಪರ್ಶ ತಿಳಿಯುತ್ತಿದ್ದುದು ಆ ಕೈಗೆ ಮಾತ್ರ. ದೇವರ ನಾಮ ಹೇಳಿದೆ. ಸಂಜೆ ದೀಪ ಹಚ್ಚಲು ಎದ್ದು ಬರುವಷ್ಟರಲ್ಲಿ ಗಂಟಲ ಸದ್ದು ನಿಂತಿತ್ತು. ಪುಟ್ಟಿ ಮಂಚದ ಹತ್ತಿರ ನಿಂತು, "ಅಜ್ಜ ಮಲಗಿದಾರೆ, ಶ್" ಎಂದಳು.

ನನ್ನ ಮಗಳು ಇದೇ ಊರಿನಲ್ಲಿ ಇರುವವಳು, ಗಂಡನ ಜೊತೆ ಓಡಿ ಬಂದಳು. ನೆಂಟರು ಸೇರಿದರು. ಎರಡನೆಯ ಪಾಳಿಯೂ ಮುಗಿದ ಮೇಲೆ, ರಾತ್ರಿ, ಸೊಸೆ ಬಂದಳು. ಬೀದಿಯಲ್ಲಿ ಜನ ನಿಂತಿದ್ದನ್ನು ನೋಡಿದ್ದಾಳೆ. ತಿಳಿಯದೆ ಇರಲು ಸಾಧ್ಯವಿಲ್ಲ. ಆದರೂ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ನೇರ ನಿಂತು, ನನ್ನ ಮುಖ ನೋಡಿ, "ಹೇಳಿ ಅತ್ತೆ" ಎಂದಳು.

ನಾನು ಹೇಳಿದೆ. ಬೆಳಿಗ್ಗೆ ಎರಡು ಚಮಚ ಗಂಜಿ ಹೋಯಿತು. ಆಮೇಲೆ ಬಾಯಿ ಬಿಡಲಿಲ್ಲ. ಉಸಿರಿನಲ್ಲಿ ನೀರಿನ ಸದ್ದು ಬಂತು. ನೀನು ಹೇಳಿಕೊಟ್ಟ ಹಾಗೆ ತಲೆ ಎತ್ತರಿಸಿದೆ. ತುಟಿ ಒದ್ದೆ ಮಾಡುತ್ತಿದ್ದೆ. ಕಾಲು ತಣ್ಣಗಾಯಿತು, ಆಮೇಲೆ ಕೈ. ಬಾಗಿಲು ನೋಡುತ್ತಿದ್ದರು. ನೋವು ಪಟ್ಟ ಹಾಗೆ ಕಾಣಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೋದರು.

ಅವಳು ಎಲ್ಲವನ್ನೂ ಕೇಳಿದಳು. ತಲೆಯಾಡಿಸಿದಳು. "ಸರಿ. ನಾನು ತಗೊಂಡೆ" ಎಂದಳು.

ಒಳಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದಳು. ಗೋಡೆಯ ಗಡಿಯಾರ ನೋಡಿದಳು. ಅವರ ಕಣ್ಣು ಮುಚ್ಚಿದಳು. ದವಡೆಗೆ ಬಟ್ಟೆ ಕಟ್ಟಿದಳು. ಮಡಿಚಿಕೊಂಡಿದ್ದ ಬಲಗೈಯನ್ನು ತಿಕ್ಕಿ ತಿಕ್ಕಿ ನೆಟ್ಟಗೆ ಮಾಡಿದಳು. ಮೈ ಒರೆಸಿ, ಉಟ್ಟದ್ದನ್ನು ಬಿಚ್ಚಿ, ಶುಭ್ರ ಬಟ್ಟೆ ಉಡಿಸಿದಳು. ಕಾಲಿನ ಎರಡು ಹೆಬ್ಬೆರಳನ್ನೂ ಸೇರಿಸಿ ಕಟ್ಟಿದಳು. ಒಂದು ಹನಿ ಕಣ್ಣೀರಿಲ್ಲ. ಅವಳ ಕೈ ಎಲ್ಲೂ ತಡವರಿಸಲಿಲ್ಲ. ಆಮೇಲೆ ಚಾದರ ಎದೆಯವರೆಗೆ ಎಳೆದು, ಸುಕ್ಕು ಬಿಡಿಸಿ, ತಿರುಗಿ ನಿಂತು, ತುಂಬಿದ ಮನೆಯನ್ನು ನೋಡಿ ಕೇಳಿದಳು:

"ಇವರ ಕಡೆಯವರು ಯಾರು ಬಂದಿದೀರಿ?"

ಒಬ್ಬ ಮುದುಕ ಕೆಮ್ಮಿದ. ನನ್ನ ಮಗಳು ಎದೆ ಬಡಿದುಕೊಂಡು ಎದ್ದಳು.

"ಅತ್ತಿಗೇ, ಯಾರನ್ನ ಕೇಳ್ತಿದೀರಿ? ನಮ್ಮಪ್ಪ ಅದು! ನಿಮಗೆ ಯಾರೂ ಅಲ್ವಾ? ಊರಿಗೆಲ್ಲಾ ನರ್ಸು, ಮನೇಲಿ ಸಾಯೋನಿಗೆ ಒಂದು ತೊಟ್ಟು ನೀರು ಬಿಡೋಕೆ ಬರ್ಲಿಲ್ಲ. ಈಗ ಬಂದು ಹೆಣ ಕಟ್ಟೋ ಹಂಗೆ ಕಟ್ಟಿ, ಕಡೆಯವರು ಯಾರು ಅಂತ ಕೇಳ್ತೀರಲ್ಲ!"

ಸೊಸೆ ತಾನು ಎಲ್ಲಿದ್ದೇನೆ ಎಂದು ಹುಡುಕುವವಳ ಹಾಗೆ ಗೋಡೆ ನೋಡಿದಳು, ಮಂಚ ನೋಡಿದಳು. ನನಗೆ ಅರ್ಥವಾಯಿತು. ಬೆಳಿಗ್ಗೆಯಿಂದ ಎರಡು ಪಾಳಿ ದುಡಿದ ದೇಹ ಮನೆಗೆ ಬಂದಿತ್ತು. ಅವಳು ಇನ್ನೂ ವಾರ್ಡಿನಲ್ಲೇ ಇದ್ದಳು, ಅಲ್ಲಿ ಸತ್ತವರ ನೆಂಟರನ್ನು ಕೇಳುವ ಮಾತನ್ನೇ ಇಲ್ಲೂ ಕೇಳಿದ್ದಳು. ಅವಳನ್ನು ಬಿಡಿಸಿ ಮನೆಗೆ ಕಳಿಸಿದವರು ಯಾರೂ ಇರಲಿಲ್ಲ.

ಮಣ್ಣು ಮಾಡಿ ಬಂದರು. ನನ್ನ ಮಗ ಎರಡು ದಿನ ತಡವಾಗಿ ತಲುಪಿದ, ಅಪ್ಪನ ಮಂಚದ ಮೇಲೆ ಮುಖ ಹೊರಳಿಸಿ ಅತ್ತ, ಮತ್ತೆ ಲಾರಿ ಹತ್ತಿದ. ನೆಂಟರು ಆ ಒಂದು ಮಾತನ್ನು ಮನೆಮನೆಗೆ ಹೊತ್ತರು. "ಕಡೆಯವರು ಯಾರು ಅಂದ್ಲಂತೆ." ನನ್ನ ಮಗಳು ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ಆಸ್ಪತ್ರೆಯವರು ಮೂರು ದಿನ ರಜೆ ಕೊಟ್ಟು, ಆಮೇಲೆ ಕರೆದರು.

ಸೊಸೆ ಅಳಲಿಲ್ಲ. ನಾನು ಕಾದೆ. ಅತ್ತರೆ ಮಡಿಲಿಗೆ ಎಳೆದುಕೊಳ್ಳೋಣ ಎಂದು ಕಾದೆ. ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುವಳು. ಬಕೆಟು ತುಂಬಿ ಹರಿಯುವ ಸದ್ದು. ನಲ್ಲಿ ನಿಲ್ಲದು. ಹೊರಗೆ ಬಂದಾಗ ಕೈ ಕೆಂಪಗೆ, ಬೆರಳ ಸಂದಿ ಬಿರಿದಿರುವುದು. ಅಷ್ಟು ಹೊತ್ತೂ ಕೈ ತೊಳೆದಿದ್ದಾಳೆ. ಗಂಜಿಯ ಬಟ್ಟಲು ಈಗಲೂ ಒಲೆಯ ಪಕ್ಕ ಇಡುವಳು, ನೆನಪಾಗಿ ಎತ್ತಿಡುವಳು. ಒಂದೇ ಗೋಡೆಯ ಎರಡು ಕಡೆ ನಾವು ಮಲಗುತ್ತಿದ್ದೆವು. ಇಬ್ಬರಿಗೂ ನಿದ್ದೆಯಿಲ್ಲ ಎಂದು ಇಬ್ಬರಿಗೂ ಗೊತ್ತು. ಕರೆಯಲಿಲ್ಲ. ಯಾವ ಮಾತಿನಿಂದ ಕರೆಯುವುದು? ದೇವರೇ, ನಿನಗೂ ಪಾಳಿ ಉಂಟೇ, ನಮ್ಮ ಬೀದಿಗೆ ಬರುವ ಪಾಳಿ ಯಾವುದು ಎಂದು ನಾನು ಕತ್ತಲನ್ನು ಕೇಳುತ್ತಿದ್ದೆ.

ಒಂದು ದಿನ ಮಾತ್ರ ನಕ್ಕೆವು. ಆಸ್ಪತ್ರೆಯಲ್ಲಿ ನರ್ಸುಗಳ ಮನಸ್ಸಿನ ಆರೋಗ್ಯಕ್ಕೆ ಎಂದು ಒಬ್ಬ ಮಹಾಶಯನನ್ನು ಕರೆಸಿದ್ದರಂತೆ. ಪಾಳಿ ಮುಗಿದವರು ಮನೆಗೆ ಹೋಗದೆ ಕೂತು ಕೇಳಬೇಕು.

"ಮನೆಯ ಚಿಂತೆ ಮನೇಲಿ ಬಿಡಿ, ವಾರ್ಡಿನ ಚಿಂತೆ ವಾರ್ಡಲ್ಲಿ ಬಿಡಿ ಅಂದ್ರು ಅತ್ತೆ. ಉಸಿರು ಎಳ್ಕೊಳ್ಳಿ, ಉಸಿರು ಬಿಡಿ ಅಂದ್ರು. ಹಿಂದಿನಿಂದ ಯಾರೋ, 'ಉಸಿರು ಬಿಡ್ತೀವಿ ಸಾರ್, ಮೊದ್ಲು ನಮ್ಮನ್ನ ಬಿಡಿ' ಅಂದ್ರು."

"ಆಮೇಲೆ?"

"ಕಣ್ಣು ಮುಚ್ಚಿ, ಸಮುದ್ರದ ದಡದಲ್ಲಿ ಇದೀರಿ ಅಂತ ಅಂದ್ಕೊಳ್ಳಿ ಅಂದ್ರು. ಕಣ್ಣು ಮುಚ್ಚಿದ್ದೇ ತಡ, ಅರ್ಧ ಜನ ನಿದ್ದೆ. ಗುಬ್ಬಿ ಇದಾಳಲ್ಲ, ನಮ್ಮ ವಾರ್ಡಿನವಳು, ಕೂಸು ಇನ್ನೂ ಹಾಲು ಬಿಟ್ಟಿಲ್ಲ, ಅವಳು ಗೊರಕೆ ಹೊಡೆದ್ಲು. ಆ ಮನುಷ್ಯ ಖುಷಿಯಾಗಿಬಿಟ್ಟ. ನೋಡಿ, ಎಷ್ಟು ಬೇಗ ಶಾಂತಿ ಸಿಕ್ತು ಅಂದ."

ನಾವಿಬ್ಬರೂ ನಕ್ಕೆವು. ಪುಟ್ಟಿಯೂ ಸದ್ದಿಲ್ಲದೆ ನಕ್ಕಳು. ನಗು ನಿಂತ ಮೇಲೆ ಮನೆ ಮೊದಲಿಗಿಂತ ಖಾಲಿಯಾಯಿತು.

ಹೀಗಿರುವಾಗ ಗಡಿಯಾರದಮ್ಮ ನಮ್ಮ ಮನೆಗೆ ಬಂದಳು. ಕೈಯಲ್ಲಿ ಹೂವಿನ ಗುಚ್ಛ. ಕಾಲು ಅವಳದೂ ಊದಿತ್ತು. ಕೂರುವಾಗ ಮೊಣಕಾಲು ಹಿಡಿದುಕೊಂಡು ಕೂತಳು. ನನ್ನ ಗಂಡನ ಮಂಚ ಇದ್ದ ಕಡೆ ನೋಡಿ, ಬೇಗ ಕಣ್ಣು ತೆಗೆದಳು.

"ಅಜ್ಜಿ, ನಿಮ್ಮ ಸೊಸೆ ನಮ್ಮ ಆಸ್ಪತ್ರೆಗೆ ಹೆಮ್ಮೆ ತಂದಿದಾಳೆ. ಮಾವ ಸಾಯ್ತಿದ್ರೂ ವಾರ್ಡು ಬಿಡ್ಲಿಲ್ಲ. ವಾರ್ಷಿಕೋತ್ಸವದಲ್ಲಿ ಸನ್ಮಾನ ಇಟ್ಕೊಂಡಿದೀವಿ. ಈ ವರ್ಷದ ಆದರ್ಶ ನರ್ಸು ಇವಳೇ. ನೀವೂ ಬರ್ಬೇಕು."

ಸೊಸೆ ಗುಚ್ಛ ತೆಗೆದುಕೊಂಡಳು.

"ಕರ್ತವ್ಯವೇ ದೇವರು ಅಲ್ವಾ ಅಜ್ಜಿ?" ಎಂದಳು ಗಡಿಯಾರದಮ್ಮ.

"ನಾನು ಪೂಜೆ ಮಾಡೋ ದೇವರು ಯಾರನ್ನೂ ಬಾಗಿಲು ಹಾಕಿ ಇಟ್ಕೊಳ್ಳಲ್ಲಮ್ಮ" ಎಂದೆ.

ಆಕೆ ಎದೆಯ ಗಡಿಯಾರ ನೋಡಿಕೊಂಡಳು. ಸೊಸೆಯ ಕಡೆ ತಿರುಗಿ ದನಿ ತಗ್ಗಿಸಿದಳು. "ಹೊರರೋಗಿ ವಿಭಾಗದಲ್ಲಿ ಒಂದು ಹಗಲು ಡ್ಯೂಟಿ ಖಾಲಿ ಇದೆ. ರಾತ್ರಿ ಇಲ್ಲ. ಸಂಜೆ ಮನೆ. ಮೇಲಿನವರು ನಿನಗೇ ಕೊಡೋಣ ಅಂದಿದಾರೆ. ವೇದಿಕೆ ಮೇಲೆ ಎರಡು ಒಳ್ಳೆ ಮಾತಾಡು, ಸಾಕು."

ಆಕೆ ಹೋದ ಮೇಲೆ ಸೊಸೆ ಗುಚ್ಛವನ್ನು ನೀರಿಗೂ ಇಡದೆ, ಎಸೆಯದೆ, ಕೈಯಲ್ಲೇ ಹಿಡಿದು ನಿಂತಿದ್ದಳು.

"ನಾನೇ ಉಳ್ಕೊಂಡೆ ಅಂತ ಹೇಳ್ಬೇಕು ಅತ್ತೆ. ಅಷ್ಟೇ."

"ಹೇಳ್ತೀಯಾ?"

"ಸಂಜೆ ಹೊತ್ತು ಪುಟ್ಟಿ ಜೊತೆ ಇರ್ಬಹುದು. ರಾತ್ರಿ ನಿಮ್ಮ ಪಕ್ಕ ಒಬ್ರು ಇದ್ದ ಹಾಗಾಗುತ್ತೆ. ಒಂದು ಸುಳ್ಳು ತಾನೆ? ಸತ್ತೋರು ಎದ್ದು ಬಂದು ಕೇಳಲ್ಲ."

ಪುಟ್ಟಿ ಗೊಂಬೆಗೆ ಚಾದರ ಹೊದಿಸುತ್ತಿದ್ದಳು. ಆ ಮಗುವಿನ ಮುಖ ನೋಡಿ ನಾನು, "ಹೇಳಿಬಿಡು ತಾಯಿ" ಎಂದೆ. ಸುಳ್ಳಿನ ಪಾಲು ನನಗೂ ಇರಲಿ ಎಂದು ದೇವರಿಗೆ ಹೇಳಿಕೊಂಡೆ.

ವಾರ್ಷಿಕೋತ್ಸವದ ದಿನ ಅವಳಿಗೆ ರಜೆ. ಮಧ್ಯಾಹ್ನ, ಪುಟ್ಟಿ ಶಾಲೆಯಲ್ಲಿರುವಾಗಲೇ, ನಾವಿಬ್ಬರೂ ಹೋದೆವು. ಆಸ್ಪತ್ರೆಯ ಸಭಾಂಗಣ. ಮುಂದಿನ ಸಾಲಿನಲ್ಲಿ ಮೆತ್ತನೆಯ ಕುರ್ಚಿ, ಅತಿಥಿಗಳಿಗೆ. ನನ್ನನ್ನೂ ಅಲ್ಲೇ ಕೂರಿಸಿದರು. ನರ್ಸುಗಳು ಹಿಂದೆ, ಗೋಡೆಗೆ ಒರಗಿ ನಿಂತಿದ್ದರು. ವೇದಿಕೆಯ ಪಕ್ಕ ಬಟ್ಟೆ ಮುಚ್ಚಿದ ಏನೋ ಒಂದು ದೊಡ್ಡ ಚೌಕಟ್ಟು. ನರ್ಸು ಉಡುಪಿನ ಎಳೆಯ ಹುಡುಗಿಯೊಬ್ಬಳು ಹೂವು, ಫಲಕ ಇಟ್ಟ ತಟ್ಟೆ ಹಿಡಿದು ವೇದಿಕೆಯ ಮೂಲೆಯಲ್ಲಿ ನಿಂತಿದ್ದಳು. ಬಹಳ ಹೊತ್ತಿನಿಂದ ನಿಂತಿರಬೇಕು, ತಟ್ಟೆ ನಡುಗುತ್ತಿತ್ತು.

ನಿರ್ದೇಶಕರು ಮಾತಾಡಿದರು. ನುಣುಪಾದ ದನಿ.

"ಮಾವ ಸಾವಿನ ಹಾಸಿಗೆಯಲ್ಲಿ. ಮನೆಯಿಂದ ಕರೆ ಮೇಲೆ ಕರೆ. ಈ ತಾಯಿ ಏನು ಹೇಳಿದರು ಗೊತ್ತೇ? 'ಇಲ್ಲಿ ಮಲಗಿರುವವರೆಲ್ಲರೂ ನನ್ನ ಮಾವಂದಿರೇ. ನಾನು ಇವರನ್ನು ಬಿಟ್ಟು ಹೋಗುವುದಿಲ್ಲ' ಎಂದರು!"

ಚಪ್ಪಾಳೆ. ನನ್ನ ಹಿಂದೆ ಗೋಡೆಯ ಹತ್ತಿರ ಒಬ್ಬಳು, "ಅಷ್ಟು ಜನ ಮಾವಂದಿರಾ? ನಂಗೆ ಒಬ್ಬ ಮಾವನೇ ಸಾಕಾಗಿದಾನೆ" ಎಂದಳು. ಇನ್ನೊಬ್ಬಳು ಮೂಗಿನಲ್ಲಿ ನಕ್ಕಳು. ನಾನು ತಿರುಗಿ ನೋಡಿದ್ದಕ್ಕೆ ಇಬ್ಬರೂ ಗಪ್ ಆದರು.

ಸೊಸೆ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಬಿರಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಅವಳು ಹೇಳಿಬಿಡುತ್ತಾಳೆ, ಮುಗಿದುಹೋಗುತ್ತದೆ, ಮನೆಗೆ ಹೋಗುತ್ತೇವೆ ಎಂದುಕೊಂಡೆ.

ಆಗ ನಿರ್ದೇಶಕರು ಚೌಕಟ್ಟಿನ ಬಟ್ಟೆ ಎಳೆದರು. ಸೊಸೆಯ ಫೋಟೋ. ಆಳೆತ್ತರ. ನಗುತ್ತಿರುವ ಹಳೆಯ ಫೋಟೋ.

"ಇದರ ಒಂದೊಂದು ಪ್ರತಿ ಎಲ್ಲ ವಾರ್ಡುಗಳ ಬಾಗಿಲಲ್ಲೂ ಇರುತ್ತದೆ. ಇನ್ನು ಮುಂದೆ ಮಗುವಿಗೆ ಜ್ವರ, ಅತ್ತೆಗೆ ಮಂಡಿನೋವು ಎಂದು ಅರ್ಧ ಡ್ಯೂಟಿಯಲ್ಲಿ ಹೊರಡುವವರು, ಬಾಗಿಲಲ್ಲಿ ಈ ಮುಖವನ್ನೊಮ್ಮೆ ನೋಡಿ ಹೊರಡಿ."

ಈ ಸಲ ಚಪ್ಪಾಳೆ ಮುಂದಿನ ಸಾಲಿನಿಂದ ಮಾತ್ರ ಬಂತು.

ಸೊಸೆ ತಲೆಯೆತ್ತಿ ಆ ಫೋಟೋ ನೋಡಿದಳು. ತನ್ನದೇ ಮುಖವನ್ನು ಬಾಗಿಲಿಗೆ ಬೀಗ ಮಾಡಿ ಹಾಕುವುದನ್ನು ನೋಡಿದಳು. ಹೆಸರು ಕೂಗಿದರು. ಎದ್ದು ಬಂದಳು. ಮೈಕಿನ ಮುಂದೆ ನಿಂತಳು. ತಟ್ಟೆಯ ಹುಡುಗಿ ಪಕ್ಕಕ್ಕೆ ಬಂದಳು. ಎರಡು ಒಳ್ಳೆಯ ಮಾತಿಗೆ ಎಲ್ಲರೂ ಕಾದರು.

ಸೊಸೆ ಆ ಹುಡುಗಿಯ ಮುಖ ನೋಡಿದಳು.

"ನಿಂದು ಯಾವ ಪಾಳಿ ಇವತ್ತು?"

ಮೈಕು ಆ ಮಾತನ್ನು ಸಭೆಗೆಲ್ಲ ಕೇಳಿಸಿತು. ಹುಡುಗಿ ಗಾಬರಿಯಾಗಿ ಗಡಿಯಾರದಮ್ಮನ ಕಡೆ ನೋಡಿದಳು. "ಮಧ್ಯಾಹ್ನದ್ದು ಅಕ್ಕಾ."

"ಶುರುವಾಗಿ ಎಷ್ಟೋ ಹೊತ್ತಾಯ್ತಲ್ಲ. ವಾರ್ಡಲ್ಲಿ ಯಾರಿದಾರೆ?"

"ಗುಬ್ಬಿ ಅಕ್ಕ. ನನ್ನನ್ನ ಇಲ್ಲಿ ತಟ್ಟೆ ಹಿಡಿಯೋಕೆ ಹಾಕಿದ್ರು. ಮುಗಿಸ್ಕೊಂಡು ಹೋಗು ಅಂದ್ರು."

"ಗುಬ್ಬಿ ಬೆಳಿಗ್ಗೆಯಿಂದ ಇದಾಳಾ?"

"ಹೂಂ ಅಕ್ಕಾ. ಅವರ ಕೂಸಿಗೆ ಹುಷಾರಿಲ್ವಂತೆ. ಮನೆಯಿಂದ ಮೇಡಂಗೆ ಫೋನು ಬರ್ತಾನೇ ಇದೆ. ಅಳ್ತಿದಾರೆ." ಹುಡುಗಿ ತಟ್ಟೆಯನ್ನು ಎದೆಗೆ ಒತ್ತಿಕೊಂಡಳು. "ನನ್ನ ತಪ್ಪಲ್ಲ ಅಕ್ಕಾ."

ಗಡಿಯಾರದಮ್ಮ ಮೈಕು ನಿಲ್ಲಿಸಿ ಎಂದು ಕೈಸನ್ನೆ ಮಾಡುತ್ತಿದ್ದಳು. ಮೈಕಿನವನಿಗೆ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಿದ್ದನೋ, ನಿಲ್ಲಿಸಲಿಲ್ಲ.

ಸೊಸೆ ಸಭೆಯ ಕಡೆ ತಿರುಗಿದಳು. ಅವಳು ದನಿ ಏರಿಸಲಿಲ್ಲ. ಹೊಸ್ತಿಲಲ್ಲಿ ನನಗೆ ಒಪ್ಪಿಸುತ್ತಿದ್ದಳಲ್ಲ, ಅದೇ ದನಿ.

"ನಾನು ಆವತ್ತು ಉಳ್ಕೊಳ್ಳಲಿಲ್ಲ. ನನ್ನನ್ನ ಬಿಡ್ಲಿಲ್ಲ. ಸಾರ್ ಹೇಳಿದ ಮಾತು ನಾನು ಆಡಿಲ್ಲ. ನಾನು ಆಡಿದ್ದು ಬೇರೆ. ಮಾವ ಹೋಗ್ತಿದಾರೆ, ಮನೆ ಹತ್ತಿರಾನೇ, ಮುಖ ನೋಡಿ ಬರ್ತೀನಿ ಅಂತ ಕೇಳಿದೆ. ಹೋದ್ರೆ ಡ್ಯೂಟಿ ಬಿಟ್ಟು ಓಡಿಹೋದ್ಲು ಅಂತ ಕೆಲಸದಿಂದ ತೆಗಿತೀವಿ ಅಂದ್ರು. ನಾನು ಕಾಲು ಹಿಡಿದೆ. ಔಷಧಿ ಕೋಣೇಲಿ, ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ಕಾಲು ಹಿಡಿದೆ. ಮೇಡಂ ಗಡಿಯಾರ ನೋಡ್ಕೊಂಡ್ರು."

ಕಾಲು ಹಿಡಿದ ಸಂಗತಿ ನನಗೆ ಹೇಳಿರಲಿಲ್ಲ. ಅಷ್ಟು ದಿನ ಆ ಕೈಗಳನ್ನು ಅವಳು ಯಾಕೆ ತೊಳೆಯುತ್ತಿದ್ದಳೆಂದು ನನಗೆ ಆಗ ತಿಳಿಯಿತು.

"ನನ್ನ ಮಾವ ಬಾಗಿಲು ನೋಡ್ತಾ ಸತ್ರು. ನಾನು ಆವಾಗ ಬೇರೆಯವರಿಗೆ ಗ್ಲೂಕೋಸ್ ಬಾಟ್ಲಿ ಬದಲಾಯಿಸ್ತಿದ್ದೆ. ಅವರದೇನೂ ತಪ್ಪಿಲ್ಲ. ಇನ್ನೊಬ್ಬರನ್ನ ಕೆಲಸಕ್ಕೆ ಇಟ್ಟಿದ್ರೆ ನಾನು ಹೋಗ್ತಿದ್ದೆ. ಇನ್ನೊಬ್ಬರನ್ನ ಇಡಿ. ಹೂವು ಬೇಡ. ಆ ಫೋಟೋನ ಎಲ್ಲೂ ಹಾಕ್ಬೇಡಿ. ನನ್ನ ಮುಖ ತೋರಿಸಿ ಯಾರನ್ನೂ ತಡೀಬೇಡಿ."

ನಿರ್ದೇಶಕರು ನಗುವಿನಲ್ಲೇ, "ದುಃಖದಲ್ಲಿದ್ದಾರೆ, ಪಾಪ" ಎಂದರು.

"ಹೌದು ಸಾರ್. ದುಃಖದಲ್ಲೇ ಇದೀನಿ. ಅದಕ್ಕೆ ಮೂರೇ ದಿನ ರಜೆ ಕೊಟ್ರಿ ನೀವು." ಅವಳು ಫಲಕವನ್ನು ಮುಟ್ಟಲಿಲ್ಲ. "ನಾನು ವಾರ್ಡಿಗೆ ಹೋಗ್ತಿದೀನಿ. ಗುಬ್ಬಿ ಮನೆಗೆ ಹೋಗ್ಲಿ."

ಇಳಿದು ಬಂದಳು. ಗೋಡೆಗೆ ಒರಗಿದ್ದ ನರ್ಸುಗಳ ಮುಂದೆಯೇ ನಡೆದಳು. ಒಬ್ಬಳೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬಳೂ ಕೈ ಹಿಡಿಯಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ಅವರಿಗೂ ಸಾಕಬೇಕಾದ ಮನೆ ಇತ್ತು. ನಾನು ಕುರ್ಚಿಗಳನ್ನು ಹಿಡಿದುಕೊಂಡು ಅವಳ ಹಿಂದೆ ಹೋದೆ.

ಮೆಟ್ಟಿಲಲ್ಲಿ ಗಡಿಯಾರದಮ್ಮ ಅಡ್ಡ ಬಂದಳು. ಮುಖ ಬೂದಿ ಬಣ್ಣವಾಗಿತ್ತು.

"ಹಗಲು ಡ್ಯೂಟಿ ಮರೆತುಬಿಡು. ಇನ್ನು ನೀನಿದೀಯ, ರಾತ್ರಿಪಾಳಿ ಇದೆ."

"ಗೊತ್ತು ಮೇಡಂ."

"ನಾನೇನು ಮಾಡ್ಲಿ ಕಣೇ? ನನ್ನ ಮೇಲೂ ಜನ ಇದಾರೆ."

"ಅವರ ಕಾಲು ನೀವು ಹಿಡೀರಿ" ಎಂದಳು ಸೊಸೆ.

ನನ್ನನ್ನು ಗೇಟಿನ ಹೊರಗೆ ಕಲ್ಲುಬೆಂಚಿನ ಮೇಲೆ ಕೂರಿಸಿದಳು. "ಪುಟ್ಟಿ ಶಾಲೆ ಬಿಡೋ ಹೊತ್ತಿಗೆ ನೀವು ಹೋಗ್ಬೇಕಾಗುತ್ತೆ ಅತ್ತೆ. ಕೀಲಿ ನಿಮ್ಮ ಹತ್ರ ಇದೆಯಲ್ಲ?" ಎಂದಳು. ಇದೆ ಎಂದೆ. ಅವಳ ತಲೆ ಸವರಬೇಕೆಂದು ಕೈ ಎತ್ತಿದೆ. ಅಷ್ಟರಲ್ಲಿ ಅವಳು ತಿರುಗಿದ್ದಳು. ರಜೆಯ ದಿನದ ಬಣ್ಣದ ಸೀರೆಯಲ್ಲೇ ವಾರ್ಡಿನ ಕಟ್ಟಡದೊಳಗೆ ಹೋದಳು.

ನಾನು ಕೂತೆ. ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ಸಭಾಂಗಣದಿಂದ ಹಾಡು ಕೇಳಿಸುತ್ತಿತ್ತು. ಕಾರ್ಯಕ್ರಮ ಮುಂದುವರಿದಿತ್ತು. ದೇವರಲ್ಲಿ ಏನನ್ನಾದರೂ ಕೇಳೋಣವೆಂದರೆ ಮಾತು ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಗೇಟಿನಿಂದ ಒಬ್ಬ ಹೆಂಗಸು ಓಡಿ ಬಂದಳು. ಚಿಕ್ಕ ಆಳು. ನರ್ಸು ಉಡುಪು ಬದಲಾಯಿಸಿರಲಿಲ್ಲ. ಎದೆಯ ಹತ್ತಿರ ಹಾಲು ಸೋರಿ ಬಿಳಿ ಬಟ್ಟೆ ಒದ್ದೆಯಾಗಿತ್ತು. ಚೀಲದ ಬಾಯಿ ತೆರೆದೇ ಇತ್ತು. ರಸ್ತೆಯ ಅಂಚಿಗೆ ಬಂದು ನಿಂತಳು. ವಾಹನಗಳು ಒಂದರ ಹಿಂದೆ ಒಂದು. ಯಾರೂ ನಿಲ್ಲಿಸಲೊಲ್ಲರು. ಒಂದು ಹೆಜ್ಜೆ ಇಟ್ಟಳು, ಹಿಂದೆ ಬಂದಳು. ಮತ್ತೆ ಇಟ್ಟಳು, ಮತ್ತೆ ಹಿಂದೆ ಬಂದಳು. ಬಾಯಿಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು.

ನಾನು ಎದ್ದೆ. ರಸ್ತೆಗೆ ಇಳಿದೆ. ನಡುವೆ ಹೋಗಿ ನಿಂತು ಎರಡೂ ಕೈ ಎತ್ತಿದೆ. ಒಂದು ವ್ಯಾನು ಕಿರುಚಿಕೊಂಡು ನನ್ನ ಮೊಣಕಾಲಿನ ಹತ್ತಿರ ನಿಂತಿತು.

"ಏನಜ್ಜೀ, ಸಾಯೋಕೆ ಬೇರೆ ಜಾಗ ಸಿಗ್ಲಿಲ್ವಾ?"

"ಸುಮ್ನಿರಪ್ಪ" ಎಂದೆ. "ಅವಳು ದಾಟ್ಲಿ."

ಅವಳು ದಾಟಿದಳು. ನನ್ನ ಕಡೆ ನೋಡಲಿಲ್ಲ. ನಾನು ಯಾರೆಂದು ಅವಳಿಗೆ ತಿಳಿಯದು. ಆ ಕಡೆಯ ದಾರಿ ಹಿಡಿದು ಓಡಿದಳು. ಹಿಂದಿನ ವಾಹನಗಳೆಲ್ಲ ಹಾರನ್ನು ಹೊಡೆದವು, ಬೈದವು. ಹೊಡೆಯಲಿ, ಬೈಯಲಿ. ಅವಳು ತಿರುವಿನಲ್ಲಿ ಮರೆಯಾಗುವ ತನಕ ನಾನು ಕೈ ಇಳಿಸಲಿಲ್ಲ.